ಮನೆಯವರ ಹೆಸರಿನ ಬೀಗ

ಹರಿಹರ

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿಯ ಅರಮನೆ, ಸೇತುವೆ, ಗಡಿಯಾರದ ಗೋಪುರ ಎಲ್ಲ ಬರೆಯುತ್ತಾರೆ. ನಾನು ಅವು ಯಾವುದನ್ನೂ ನೋಡಲಿಲ್ಲ. ನೋಡಿದ್ದು ಒಂದು ಕಬ್ಬಿಣದ ಮೇಜು, ಒಂದು ಅಡಿಗೆಮನೆ, ಒಂದು ಕೂಸು. ಅಷ್ಟನ್ನೇ ಬರೆಯುತ್ತೇನೆ. ನಾನು ಓದಿದ್ದು ಎರಡನೇ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ಅಚ್ಚಿನ ಮನೆಯವರು ತಿದ್ದಿಕೊಳ್ಳಲಿ, ಮಾತು ಮಾತ್ರ ತಿದ್ದುವುದು ಬೇಡ.

ನನ್ನ ಹೆಸರು ಹಾಲಮ್ಮ. ಹರಿಹರ, ದಾವಣಗೆರೆ ಎರಡೂ ಕಡೆ ನಲವತ್ತು ವರ್ಷ ಹೆರಿಗೆ ಮಾಡಿಸಿದವಳು. ಮೊದಲು ಮನೆ ಮನೆಗೆ ಹೋಗಿ ಮಾಡಿಸುತ್ತಿದ್ದೆ. ಆಮೇಲೆ ಪಿ.ಜೆ. ಬಡಾವಣೆಯ ಒಬ್ಬ ಡಾಕ್ಟರಮ್ಮನ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಔಷಧಿ ಬಾಟಲಿಗಳನ್ನು ನೋಡಿ ನೋಡಿ ಇಂಗ್ಲಿಷಿನ ದೊಡ್ಡ ಅಕ್ಷರ ಕಲಿತೆ. ಸಣ್ಣ ಅಕ್ಷರ ಇವತ್ತಿಗೂ ಬರುವುದಿಲ್ಲ.

ಹೆರಿಗೆ ಮಾಡಿಸುವವಳ ಕೈಗೆ ಕೂಸಿನ ಜೊತೆ ಗುಟ್ಟೂ ಬಂದು ಬೀಳುತ್ತದೆ. ಒಂದು ಮನೆಯಲ್ಲಿ ಇಟ್ಟುಕೊಳ್ಳಲಾಗದ ಕೂಸು, ಇನ್ನೊಂದು ಮನೆಯಲ್ಲಿ ಇಲ್ಲದ ಕೂಸು. ಹೀಗೆ ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ನನ್ನ ಕೈಯಿಂದ ಹೋದವು ಹನ್ನೊಂದು. ಸರಿಯೋ ತಪ್ಪೋ ಎಂದು ಈಗ ಕೇಳುವವರು ಆಗ ಯಾರೂ ಬಂದಿರಲಿಲ್ಲ. ಆ ಹನ್ನೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹೆತ್ತವಳು ಯಾರು, ಹುಟ್ಟಿಸಿದವನು ಯಾರು, ತೆಗೆದುಕೊಂಡ ಮನೆ ಯಾವುದು. ಬರೆದಿದ್ದು ಯಾಕೆಂದರೆ ಕೂಸು ಬೆಳೆದು ಮದುವೆಗೆ ಬರುತ್ತದೆ. ಒಂದೇ ರಕ್ತದ ಎರಡಕ್ಕೆ ಗೊತ್ತಿಲ್ಲದೆ ತಾಳಿ ಬಿದ್ದರೆ?

ಅದಕ್ಕೇ ಎರಡೂ ಊರಿನ ಕೆಲವು ಹಿರಿಯ ಹೆಂಗಸರು ಸಂಬಂಧ ಗಟ್ಟಿ ಮಾಡುವ ಮೊದಲು ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಾರೆ. ಹುಡುಗನ ಮನೆ ಹೇಳುತ್ತಾರೆ, ಹುಡುಗಿಯ ಮನೆ ಹೇಳುತ್ತಾರೆ. ನಾನು "ಮಾಡ್ರಿ" ಅನ್ನುತ್ತೇನೆ, ಇಲ್ಲವೇ "ಬ್ಯಾಡ" ಅನ್ನುತ್ತೇನೆ. ಯಾಕೆ ಎಂದು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ಒಂದು ದಿನ ಪಕ್ಕದ ಮನೆಯವಳು ಕಡಲೆಹಿಟ್ಟು ಕೇಳಲು ಬಂದವಳು, ನಾನು ಡಬ್ಬಿ ಇಳಿಸುವಷ್ಟರಲ್ಲಿ ಆ ನೋಟ್‌ಬುಕ್ಕಿನ ಎರಡು ಹಾಳೆ ತಿರುವಿದ್ದಳು. ಓದಿದಳೋ ಇಲ್ಲವೋ ದೇವರೇ ಬಲ್ಲ. ಇದನ್ನು ಮೊಮ್ಮಗಳು ವೀಣಾಳಿಗೆ ಹೇಳಿದೆ. ಅವಳು ನರ್ಸು. ಆಗ ಇಂಗ್ಲೆಂಡಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದಳು. ಹೋಗುವಾಗ ತನ್ನ ಡಿಜಿಟಲ್ ಡೈರಿ ನನಗೆ ಕೊಟ್ಟಳು. ಅಂಗೈ ಅಗಲದ ಪೆಟ್ಟಿಗೆ, ಮುಚ್ಚಳ ತೆಗೆದರೆ ಸಾಲಾಗಿ ಗುಂಡಿಗಳು. ಅದರಲ್ಲಿ ಏನು ಬರೆದರೂ ಬೀಗ ಹಾಕಬಹುದು, ಬೀಗಕ್ಕೆ ಒಂದು ಮಾತು ಇಡಬೇಕು, ಆ ಮಾತು ನಾನು ಮರೆಯಬಾರದು, ಯಾರಿಗೂ ಹೇಳಬಾರದು ಎಂದು ವಿವರಿಸಿದಳು.

"ಅಂಥ ಮಾತು ನಿನ್ನತ್ರ ಐತಾ ಅಜ್ಜಿ?"

ಐತೆ ಅಂದೆ. ನಮ್ಮ ಮನೆಯವರ ಹೆಸರು. ಮದುವೆಯ ದಿನ ಎಲ್ಲರೂ ಬಾಗಿಲಿಗೆ ಅಡ್ಡ ನಿಂತಾಗ ಒಡಪು ಹಾಕಿ, ಪದ್ಯದ ಸಾಲಿನೊಳಗೆ ಸೇರಿಸಿ, ಒಂದು ಸಲ ಹೇಳಿದ್ದು. ಅದಾದ ಮೇಲೆ ಐವತ್ತು ವರ್ಷ ಬಾಯಿಗೆ ಬಂದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ಮುಂದಿಡುತ್ತೇನೆ. ಬೆರಳಿನಲ್ಲಿ ಒತ್ತಿದರೆ ಬಾಯಿಂದ ಹೇಳಿದಂತಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡೆ.

ವೀಣಾ ಇನ್ನೊಂದು ಎಚ್ಚರಿಕೆ ಹೇಳಿದ್ದಳು. ಪೆಟ್ಟಿಗೆಯ ಬೆನ್ನಿಗೆ ಒಂದು ಸಣ್ಣ ತೂತು ಇದೆ, ಅದಕ್ಕೆ ಪಿನ್ನು ಚುಚ್ಚಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ತಾಳಿಯ ಸರಕ್ಕೆ ಯಾವಾಗಲೂ ಎರಡು ಪಿನ್ನು ತೂಗುತ್ತವೆ, ಯಾವ ತೂತು ಕಂಡರೂ ಕೆದಕುವ ಚಟ ನನಗಿದೆ. ಅವಳಿಗೆ ಅದು ಗೊತ್ತಿತ್ತು.

ಎರಡು ತಿಂಗಳು ಒಂದೇ ಬೆರಳಿನಲ್ಲಿ ಕನ್ನಡದ ಮಾತನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಒತ್ತಿದೆ. ಮುಗಿದ ದಿನ ನೋಟ್‌ಬುಕ್ಕನ್ನು ಬಚ್ಚಲೊಲೆಗೆ ಹಾಕಿದೆ. ನೀರು ಬೇಗ ಕಾಯಿತು.

ದಾವಣಗೆರೆ ಜಿಲ್ಲೆಯಾದ ಮಾರನೇ ವರ್ಷ ವೀಣಾ ಬಸುರಿ ಎಂದು ಫೋನು ಬಂತು. ಅವಳ ತಾಯಿ, ಅಂದರೆ ನನ್ನ ಮಗಳು, ಮೊಣಕಾಲು ನೋವಿನಿಂದ ಎದ್ದು ಕೂರಲಾರಳು. ಬಾಣಂತನಕ್ಕೆ ನಾನೇ ಹೊರಟೆ. ಡೈರಿಯನ್ನು ಮನೆಯಲ್ಲಿ ಬಿಟ್ಟರೆ ನಮ್ಮ ಮನೆಯವರು ಟಿ.ವಿ. ರಿಮೋಟು ಎಂದು ಒತ್ತುತ್ತಾರೆ. ಸೀರೆ ಮಡಿಕೆಯಲ್ಲಿಟ್ಟು ತೆಗೆದುಕೊಂಡು ಹೋದೆ.

ಬೊಂಬಾಯಿ

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆ ಎಂದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟೆ. ಸೀರೆ, ಒಳಲಂಗ, ಒಣಶುಂಠಿ, ಬಾಣಂತಿ ಖಾರ, ಬಜೆ, ಅಂಟಿನುಂಡೆ, ಎರಡು ಸೇರು ಮಂಡಕ್ಕಿ. ಎಲ್ಲ ಕೆದಕಿ ನೋಡಿ ಮುಚ್ಚಿದರು. ನನಗೇನೂ ಅನ್ನಿಸಲಿಲ್ಲ. ಅದರಲ್ಲಿದ್ದದ್ದೆಲ್ಲ ನನ್ನದೇ.

ಅಲ್ಲಿ ಒಬ್ಬ ಗುಮಾಸ್ತ ಗಂಡನ ಹೆಸರು ಕೇಳಿದ. ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ತೋರಿಸಿದೆ, ಅಚ್ಚಾಗಿದೆಯಲ್ಲ. ಅವನು ಬರೆದುಕೊಂಡ. ರೇಷನ್ ಕಾರ್ಡಿನ ಹಾಗೆ ಇದೂ ಅನುಕೂಲ ಎಂದುಕೊಂಡೆ. ಎಂಥ ದಡ್ಡತನ ಎಂದು ಆಗ ಹೊಳೆಯಲಿಲ್ಲ.

ವಿಮಾನ

ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬ ಬಿಳಿ ಹೆಂಗಸು. ಕಾಗದ ಓದುತ್ತಿದ್ದಳು. ನಾನು ಅತ್ತ ತಿರುಗಿದ ಕೂಡಲೇ ಅಂಗೈಯಿಂದ ಮುಚ್ಚಿಕೊಂಡಳು. ಸಣ್ಣ ಅಕ್ಷರ ನನಗೆ ಬರುವುದಿಲ್ಲ ಎಂದು ಹೇಳಲು ನನಗೆ ಭಾಷೆ ಇಲ್ಲ. ಆದರೂ ಅವಳು ನನಗೆ ಹಿಡಿಸಿದಳು. ನಮ್ಮ ಹರಿಹರದ ರೈಲಿನಲ್ಲಿ ಒಬ್ಬ ಪೇಪರು ಬಿಚ್ಚಿದರೆ ನಾಲ್ಕು ಜನ ಓದುತ್ತಾರೆ, ಹಾಳೆ ತಿರುವುವ ಮೊದಲು ತಡೀರಿ ಅನ್ನುತ್ತಾರೆ.

ಕಕ್ಕಸಿಗೆ ಹೋದಾಗ ಚಿಲಕ ಎಲ್ಲಿದೆ ಎಂದು ಸಿಗಲಿಲ್ಲ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತಲ್ಲ ಎಂದು ಕುಳಿತೆ. ಟೈ ಕಟ್ಟಿದ ಒಬ್ಬ ಮನುಷ್ಯ ತೆಗೆದೇಬಿಟ್ಟ. ನಾನು ಕೂಗಲಿಲ್ಲ, ಅವನೇ ಕೂಗಿದ. ಆಮೇಲೆ ವಿಮಾನ ಇಳಿಯುವವರೆಗೆ ನನ್ನ ಕಡೆ ನೋಡಲಿಲ್ಲ.

ಕಬ್ಬಿಣದ ಮೇಜು

ಇಳಿದ ಮೇಲೆ ಎಲ್ಲರನ್ನೂ ಬಿಟ್ಟು ನನ್ನನ್ನು ಒಂದು ಕೋಣೆಗೆ ಕರೆದರು. ಅಲ್ಲಿ ಕಬ್ಬಿಣದ ಉದ್ದ ಮೇಜು. ಅದರ ಮೇಲೆ ನನ್ನ ಪುಡಿಗಳನ್ನೆಲ್ಲ ಸಾಲಾಗಿ ಇಟ್ಟರು. ಅಧಿಕಾರಿ ಕೆಂಪು ಮುಖದ, ತೆಳ್ಳಗಿನ ಮನುಷ್ಯ. ಗದರಲಿಲ್ಲ. ಪ್ರತಿ ಪೊಟ್ಟಣ ಮುಟ್ಟುವ ಮೊದಲು ನನ್ನ ಮುಖ ನೋಡಿ ಏನೋ ಅನ್ನುತ್ತಿದ್ದ, ಕ್ಷಮೆ ಕೇಳುವ ಹಾಗೆ.

ಸೀರೆ ಮಡಿಕೆಯಿಂದ ಡೈರಿ ಹೊರಬಂತು. ತೆರೆದ. ಬೀಗದ ಮಾತು ಕೇಳುವ ಗೆರೆ ಬಂದು ಮಿನುಗತೊಡಗಿತು. ಅವನು ಅದನ್ನು ನನ್ನ ಕಡೆ ತಿರುಗಿಸಿದ. ನಾನು ವಾಪಸ್ಸು ಅವನ ಕಡೆಗೇ ತಿರುಗಿಸಿದೆ.

ಆಗ ಒಬ್ಬ ಹೆಂಗಸನ್ನು ಕರೆತಂದರು. ಮೂವತ್ತು ದಾಟಿದವಳು, ನಿಲ್ದಾಣದ ಊಟದ ಅಂಗಡಿಯಲ್ಲಿ ಕೆಲಸ, ಭಾಷೆ ಬಾರದವರು ಸಿಕ್ಕಾಗ ಇಲ್ಲಿಗೆ ಕರೆಯುತ್ತಾರಂತೆ. ಬಂದವಳೇ ಪಾಸ್‌ಪೋರ್ಟು ನೋಡಿದಳು.

"ಹರಿಹರದೋರಾ? ನಮ್ಮೂರು ಕಣಮ್ಮಾ ಅದು. ಹೊಳಿ ಕಡೆ ಮನಿ ನಮ್ಮದು."

ಅವಳನ್ನು ಸರೋಜ ಎಂದು ಕರೆಯುತ್ತೇನೆ. ಅದು ನಾನಿಟ್ಟ ಹೆಸರು. ಅವಳ ಬಗ್ಗೆ ಮುಂದೆ ಬರೆಯುವುದರಲ್ಲಿ ಎರಡು ಸಂಗತಿ ಬದಲಿಸಿದ್ದೇನೆ, ಯಾವುವು ಎಂದು ಹುಡುಕಲು ಹೋಗಬೇಡಿ.

ಅಧಿಕಾರಿಯ ಮಾತನ್ನು ಅವಳು ಹೇಳಿದಳು. ಇಂಥ ಪುಡಿಗಳ ನಡುವೆ ಬೇರೆ ಪುಡಿ ಸೇರಿಸಿ ತರುವವರಿದ್ದಾರೆ, ಅವರು ಕೊಡಬೇಕಾದ ಮನೆಗಳ ವಿಳಾಸವನ್ನು ಇಂಥ ಯಂತ್ರದಲ್ಲೇ ಬೀಗ ಹಾಕಿ ಇಟ್ಟಿರುತ್ತಾರೆ, ಒಮ್ಮೆ ತೆರೆದು ತೋರಿಸಿದರೆ ಹೋಗಬಹುದು. ಅವನ ಮಾತಿನಲ್ಲಿ ತಪ್ಪಿಲ್ಲ. ನಾನು ಅವನ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಆದರೆ ಪೆಟ್ಟಿಗೆ ತೆರೆದರೆ ಕಾಣುವುದು ನನ್ನ ಲಂಗ. ಇದನ್ನು ತೆರೆದರೆ ಕಾಣುವುದು ಬೇರೆಯವರ ಹೊಟ್ಟೆ. ಬೇರೆಯವರದನ್ನು ತೋರಿಸಲು ನನಗೆ ಯಾರು ಹೇಳಿದ್ದಾರೆ?

ಮಾತು ಬಾಯಲ್ಲಿ ಹೇಳುವಂಥದ್ದಲ್ಲ ಎಂದು ಹೇಳಿಸಿದೆ. ಅಧಿಕಾರಿ ಕಾಗದ, ಪೆನ್ನು ಮುಂದೆ ತಳ್ಳಿದ. ಬರೆದು ಕೊಡಲಿ.

"ನನಗೆ ಬರೆಯಾಕ ಬರಲ್ಲ ಅನ್ನು" ಅಂದೆ.

ಸರೋಜ ಅದನ್ನು ಅವನಿಗೆ ಹೇಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಪಾಸ್‌ಪೋರ್ಟು ನೋಡಿದಳು. ಅವಳ ತುಟಿಯ ಮೂಲೆಯಲ್ಲಿ ನಗು ಬಂತು. ಅಧಿಕಾರಿ ನೂರು ವರ್ಷ ಕುಳಿತು ಒತ್ತಿದರೂ ಅವನಿಗೆ ಹೊಳೆಯುತ್ತಿರಲಿಲ್ಲ. ನಮ್ಮೂರ ಹೆಂಗಸಿಗೆ ಅರೆಗಳಿಗೆ ಸಾಕಾಯಿತು. ನಮ್ಮ ಕಡೆಯ ಮುದುಕಿಯೊಬ್ಬಳು ಬಾಯಲ್ಲಿ ಹೇಳಲಾರೆ ಎಂದರೆ ಅದು ಯಾವ ಮಾತು ಎಂದು ಗೊತ್ತಾಗಲು ಓದು ಬೇಕೇ?

ಅಧಿಕಾರಿ ತನ್ನ ಮೇಲಿನವನನ್ನು ಕೇಳಿ ಬರುತ್ತೇನೆಂದು ಹೊರಗೆ ಹೋದ. ಬಾಗಿಲಲ್ಲಿ ಒಬ್ಬ ಕಾವಲಿನವನು ಬೆನ್ನು ಹಾಕಿ ನಿಂತಿದ್ದ.

"ಒಡಪು ಹಾಕಿ ಹೇಳ್ರಿ ಮತ್ತೆ" ಎಂದಳು ಸರೋಜ, ಸಣ್ಣ ದನಿಯಲ್ಲಿ. ನಾನು ನಗಲಿಲ್ಲ. ಅವಳೂ ನಗು ಬಿಟ್ಟಳು. ಪಾಸ್‌ಪೋರ್ಟಿನ ಮೇಲೆ ಕೈ ಇಟ್ಟಳು.

"ನಾನು ಇವರಿಗೆ ಹೇಳಲ್ಲಮ್ಮಾ. ನಮ್ಮವ್ವನಾಣೆ ಹೇಳಲ್ಲ. ಆದ್ರೆ ನೀವು ಆ ಹಾಲಮ್ಮ ಅಲ್ವಾ, ಹೆರಿಗೆ ಹಾಲಮ್ಮ?"

ಹೌದು ಅಂದೆ.

ಅವಳು ಗಡಬಡಿಸಿ ಹೇಳಿದಳು. ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಅವಳ ತಾಯಿಗೆ ಒಂದು ಗಂಡುಕೂಸು ಹುಟ್ಟಿತ್ತಂತೆ. ಹಾಲಮ್ಮನ ಕೈಗೆ ಕೊಟ್ಟೆ, ಎಲ್ಲಿಗೆ ಹೋಯಿತೋ ಕೇಳಲಿಲ್ಲ ಎಂದು ಸಾಯುವ ಮುಂದೆ ತಾಯಿ ಹೇಳಿದಳಂತೆ. ಅವಳಿಗೆ ಬೇರೆ ಅಣ್ಣ ತಮ್ಮ ಯಾರೂ ಇಲ್ಲ.

"ಇದರಾಗೆ ಐತೆ ಅಲ್ವಾ? ಒಂದು ಸಲ ತೆಗೆದು ನೋಡ್ರಿ. ಯಾವ ಮನಿ ಅಂತ ಅಷ್ಟೇ. ನಾನು ಅವನಿಗೆ ಏನೂ ಹೇಳಲ್ಲ, ದೂರದಿಂದ ನೋಡ್ತೀನಿ. ನಮ್ಮ ಚಿಕ್ಕವ್ವ ಹೇಳಿದ್ಲು, ಆ ಮನಿ ಮುಂದೆ..."

"ಸಾಕು. ಹೇಳಬ್ಯಾಡ."

"ಯಾಕಮ್ಮಾ? ನಮ್ಮವ್ವನ ಗುಟ್ಟು ನನಗೆ ಹೇಳಾಕ ಏನು?"

"ನಿಮ್ಮವ್ವನದು ಒಬ್ಬಳದೇ ಆಗಿದ್ರೆ ಹೇಳ್ತಿದ್ದೆ. ಆ ಹುಡುಗನದೂ ಐತೆ, ಅವನನ್ನ ಸಾಕಿದೋರದೂ ಐತೆ. ಅವರು ನನ್ನ ಕೇಳಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ಪಾಸ್‌ಪೋರ್ಟಿನ ಮೇಲೇ ಇತ್ತು. ಅವಳು ಕೆಟ್ಟವಳಲ್ಲ. ಅಧಿಕಾರಿಯೂ ಕೆಟ್ಟವನಲ್ಲ. ಒಬ್ಬನಿಗೆ ದೇಶ ಕಾಯಬೇಕು, ಒಬ್ಬಳಿಗೆ ತಮ್ಮ ಬೇಕು. ಇಬ್ಬರೂ ಕೇಳುವುದು ಒಂದೇ ಬೀಗದ ಕೈಯನ್ನು. ಒಳ್ಳೆಯವರಿಗೆ ಮಾತ್ರ ತೆರೆಯುವ ಬೀಗವನ್ನು ಯಾವ ಅಂಗಡಿಯವನೂ ಮಾರುವುದಿಲ್ಲ. ಇವಳು ಇವತ್ತು ಹೇಳದಿರಬಹುದು. ನಾನು ಊರಿಗೆ ಹೋಗುವವರೆಗೆ ಡೈರಿ ಇಲ್ಲೇ ಇರಲಿ ಎಂದು ಅಧಿಕಾರಿ ಅಂದರೆ? ಮೂರು ತಿಂಗಳು ಅವಳು ದಿನಾ ಇದೇ ಬಾಗಿಲ ಮುಂದೆ ಓಡಾಡುತ್ತಾಳೆ.

ತಾಳಿಯಿಂದ ಪಿನ್ನು ಬಿಚ್ಚಿದೆ. ಡೈರಿ ಮಗುಚಿ ತೂತಿಗೆ ಚುಚ್ಚಿದೆ. ಟಿಕ್ ಎಂದು ಸಣ್ಣ ಸದ್ದಾಯಿತು, ನೆಟಿಕೆ ಮುರಿದ ಹಾಗೆ. ತಿರುಗಿಸಿ ನೋಡಿದರೆ ಬರೀ ಸೊನ್ನೆಗಳು.

ಸರೋಜ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಎಲ್ಲಾ ಹೋಯ್ತಾ?"

"ಹೋಯ್ತು. ಈಗ ನಿನ್ನ ಸಾಹೇಬರನ್ನ ಕರಿ."

ಅಧಿಕಾರಿ ಬಂದು ನೋಡಿದ. ಮುಖ ಇನ್ನೂ ಕೆಂಪಾಯಿತು. ಬೀಗ ಇದ್ದಾಗ ನನ್ನ ಮೇಲೆ ಕಾಲುಭಾಗ ಅನುಮಾನ ಇದ್ದರೆ, ಖಾಲಿಯಾದ ಮೇಲೆ ಪೂರ್ತಿ ಬಂತು. ಮೂರು ತಾಸು ಕೂರಿಸಿದರು. ನಾಯಿ ತಂದರು. ಅದು ಶುಂಠಿ ಮೂಸಿತು, ಬಜೆ ಮೂಸಿತು, ಬಾಣಂತಿ ಖಾರಕ್ಕೆ ಮೂಗಿಟ್ಟು ಸೀನತೊಡಗಿತು. ಏಳು ಸಲ ಸೀನಿತು, ಎಣಿಸಿದೆ. ಆಮೇಲೆ ನನ್ನ ಹತ್ತಿರ ಬರಲಿಲ್ಲ. ಕೊನೆಗೆ ಅಧಿಕಾರಿ ಎಲ್ಲ ಪೊಟ್ಟಣಗಳನ್ನೂ ತಾನೇ ಕಟ್ಟಿ ಕೊಟ್ಟು 'ಸಾರಿ' ಎಂದ. ಆ ಮಾತು ನನಗೆ ಗೊತ್ತಿತ್ತು. ಪರವಾಗಿಲ್ಲ ಅನ್ನಬೇಕೆನ್ನಿಸಲಿಲ್ಲ.

ಹೊರಗೆ ಬರುವಾಗ ಸರೋಜ ಒಂದು ಚೀಟಿ ನನ್ನ ಕೈಗೆ ತುರುಕಿದಳು. ಅದರಲ್ಲಿ ಅವಳ ವಿಳಾಸ, ಫೋನು ನಂಬರು. ನೆನಪಾದರೆ ತಿಳಿಸಿ ಎಂದಳು.

ವೀಣಾಳ ಮನೆ

ವೀಣಾಳ ಗಂಡ ಬಸ್ಸು ಓಡಿಸುತ್ತಾನೆ. ಒಳ್ಳೆಯ ಹುಡುಗ, ಮಂಡಕ್ಕಿಗೆ ಮೆಣಸಿನಕಾಯಿ ಕಡಿಯಲು ಕಲಿತ. ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯಲ್ಲಿ ನನ್ನನ್ನು ಹೊರಗೇ ಕೂರಿಸಿದರು. ನಲವತ್ತು ವರ್ಷ ಒಳಗಿದ್ದವಳಿಗೆ ಹೊರಗಿನ ಬೆಂಚು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು.

ಅಲ್ಲಿಯ ಜನ ಪಕ್ಕದ ಮನೆಗೆ ಬರುವುದಕ್ಕೂ ಮೊದಲು ಫೋನು ಮಾಡುತ್ತಾರೆ. ಗಂಡ ಹೆಂಡತಿಯ ಕಾಗದ ಒಡೆಯುವುದಿಲ್ಲ. ಕಡಲೆಹಿಟ್ಟು ಕೇಳಲು ಯಾರೂ ಬರುವುದಿಲ್ಲ. ಇಲ್ಲಿ ನೋಟ್‌ಬುಕ್ಕೇ ಸಾಕಾಗಿತ್ತು ಎಂದುಕೊಂಡೆ. ಆದರೆ ಬೀದಿಗೆ ಬಂದರೆ ಕಂಬದ ಮೇಲೆ ಕ್ಯಾಮೆರಾ, ಅಂಗಡಿ ಬಾಗಿಲಲ್ಲಿ ಕ್ಯಾಮೆರಾ. ಯಾರು ನೋಡುತ್ತಾರೆ ಎಂದು ವೀಣಾಳನ್ನು ಕೇಳಿದೆ. ಸರ್ಕಾರದವರು, ಕಳ್ಳರನ್ನು ಹಿಡಿಯಲು ಎಂದಳು.

"ಕಳ್ಳರು ಇಲ್ಲದ ದಿನ ಏನು ನೋಡ್ತಾರೆ?"

"ನಿನ್ನ ನೋಡ್ತಾರೆ ಅಜ್ಜಿ."

ಕೈಯಲ್ಲಿ ಹಿಡಿದ ಕಾಗದವನ್ನು ಅಂಗೈಯಿಂದ ಮುಚ್ಚಿಕೊಳ್ಳುವ ಜನ, ಕಂಬದ ಮೇಲಿನ ಕಣ್ಣಿನ ಕೆಳಗೆ ಆರಾಮಾಗಿ ಐಸ್‌ಕ್ರೀಮು ತಿನ್ನುತ್ತಾ ಹೋಗುತ್ತಾರೆ. ನನಗೆ ಅರ್ಥವಾಗಲಿಲ್ಲ.

ಕೂಸಿಗೆ ಎಣ್ಣೆ ಹಚ್ಚುವಾಗ ದಿನಾ ಒಂದೊಂದೇ ನೆನಪು ಮಾಡಿಕೊಂಡೆ. ತಲೆಗೆ ಹಚ್ಚುವಾಗ ಮೊದಲನೆಯದು, ಎದೆಗೆ ಹಚ್ಚುವಾಗ ಎರಡನೆಯದು. ಹೆತ್ತವಳು, ಹುಟ್ಟಿಸಿದವನು, ತೆಗೆದುಕೊಂಡ ಮನೆ. ಮೊದಲ ವಾರಕ್ಕೆ ಏಳು ಬಂದವು. ತಿಂಗಳಿಗೆ ಹತ್ತು ಬಂದವು. ಹನ್ನೊಂದನೆಯದು ಬರಲಿಲ್ಲ. ಹೆತ್ತವಳ ಮುಖ ಕಣ್ಣಿಗೆ ಕಟ್ಟಿದೆ. ಹಲ್ಲು ಕಚ್ಚಿ, ಒಂದು ಸದ್ದೂ ಮಾಡದೆ ಹೆತ್ತಳು. ಹರಿದ ದುಪ್ಪಟಿ ನೆನಪಿದೆ. ಕೂಸನ್ನು ಎತ್ತಿಕೊಂಡು ಬಾಗಿಲು ದಾಟಿದ್ದು ನೆನಪಿದೆ. ಬಾಗಿಲು ದಾಟಿ ಎಡಕ್ಕೆ ಹೋದೆನೋ ಬಲಕ್ಕೋ, ಅಲ್ಲಿಂದ ಮುಂದೆ ಬರೀ ಸೊನ್ನೆ. ಹುಟ್ಟಿಸಿದವನ ಹೆಸರೂ ಇಲ್ಲ. ಎಣ್ಣೆ ಹಚ್ಚಿದ್ದು ಸಾಕು, ಕೂಸಿನ ಚರ್ಮ ಕಿತ್ತುಬಂತು ಎಂದು ವೀಣಾ ಬೈದಳು.

ಆ ಹನ್ನೊಂದನೆಯದು ಸರೋಜಳ ತಾಯಿಯದು.

ಮತ್ತೆ ವಿಮಾನ ನಿಲ್ದಾಣ

ಊರಿಗೆ ಹೊರಡುವ ದಿನ ಚೀಟಿಯ ನಂಬರಿಗೆ ವೀಣಾಳಿಂದ ಫೋನು ಮಾಡಿಸಿದೆ. ಸರೋಜ ಏಪ್ರನ್ ಬಿಚ್ಚದೆ ಓಡಿ ಬಂದಳು. ನಾನು ಹೇಳುತ್ತೇನೆಂದು ಬಂದಿದ್ದಳು. ನಾನೋ ಕೇಳಲು ನಿಂತಿದ್ದೆ.

"ನಿಮ್ಮ ಚಿಕ್ಕವ್ವ ಹೇಳಿದ್ಲು ಅಂದ್ಯಲ್ಲ, ಆ ಮನಿ ಮುಂದೆ ಏನಿತ್ತು?"

ಅವಳ ಮುಖ ಗಟ್ಟಿಯಾಯಿತು. "ಯಾಕ, ನಿಮಗೇ ಗೊತ್ತಲ್ಲ."

"ನನಗೆ ಮರೆತೈತೆ ತಾಯಿ."

"ಬರೆಯಾಕ ಬರಲ್ಲ ಅಂದಂಗಾ?"

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ನೀವು ಹೇಳ್ರಿ, ಆಮೇಲೆ ನಾನು ಹೇಳ್ತೀನಿ. ಇಲ್ಲಾಂದ್ರೆ ಅದು ನಮ್ಮ ಮನಿ ಗುಟ್ಟು. ಚಿಕ್ಕವ್ವ ನಿಮಗೆ ಹೇಳು ಅಂತ ಹೇಳಿಲ್ಲ." ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟು ಹೋದಳು. ಅವಳನ್ನು ಬೈಯಲು ನನಗೆ ಜಾಗ ಇರಲಿಲ್ಲ.

ಹರಿಹರ, ಮತ್ತೆ

ಮನೆಗೆ ಬಂದ ದಿನ ನಮ್ಮವರಿಗೆ ನಡೆದದ್ದು ಹೇಳಿದೆ. ಬೀಗದ ಮಾತು ಯಾವುದಿತ್ತು ಎಂದು ಕೇಳಿದರು. ಬೆರಳು ಅವರ ಕಡೆ ತೋರಿಸಿದೆ. ಅವರು ಹಿಂದೆ ತಿರುಗಿ ಗೋಡೆ ನೋಡಿದರು. ಆಮೇಲೆ ತಿಳಿದು, ಚಹಾ ನೆತ್ತಿಗೇರುವಷ್ಟು ನಕ್ಕರು.

ಎರಡನೇ ವಾರ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಒಬ್ಬ ಹಿರಿಯಾಕೆ ಬಂದರು. ಚಹಾ ಕುಡಿದರು. ಹುಡುಗನ ಮನೆ ಹೇಳಿದರು, ಹುಡುಗಿಯ ಮನೆ ಹೇಳಿದರು. ಹುಡುಗನ ವಯಸ್ಸು ಕೇಳಿದೆ. ಹಿಂದೆಂದೂ ನಾನು ವಯಸ್ಸು ಕೇಳಿದವಳಲ್ಲ. ಆ ಹನ್ನೊಂದನೆಯ ಕೂಸಿಗೆ ಈಗ ಎಷ್ಟಾಗಿರಬೇಕೋ ಅಷ್ಟೇ ಹೇಳಿದರು. ಅವನೇ ಇರಬಹುದು. ಅಲ್ಲದೆಯೂ ಇರಬಹುದು. ಅವನೇ ಆಗಿದ್ದರೆ, ಹುಡುಗಿಯ ಅಪ್ಪನೇ ಅವನನ್ನೂ ಹುಟ್ಟಿಸಿದವನೋ ಏನೋ ನನಗೆ ಗೊತ್ತಿಲ್ಲ.

"ಬ್ಯಾಡ" ಅಂದೆ.

ಆಕೆ ಲೋಟ ಕೆಳಗಿಟ್ಟರು. ಹುಡುಗ ಹುಡುಗಿ ಒಪ್ಪಿ ಆಗಿದೆ, ಸೀರೆ ತಂದಾಗಿದೆ ಎಂದರು. ಇಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿದರು. "ಯಾಕಮ್ಮಾ?"

ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ. ಆಕೆ ಹೋದ ಮೇಲೆ ನಮ್ಮವರು ಕೇಳಿದರು, "ಗೊತ್ತಿದ್ದು ಹೇಳಿದ್ಯೋ, ಗೊತ್ತಿಲ್ದೆ ಹೇಳಿದ್ಯೋ?" ಅವರಿಗೂ ಹೇಳಲಿಲ್ಲ. ಅವತ್ತಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಸ್ಟೇಷನ್ನಿನವರೆಗೆ ನಡೆಯುತ್ತೇನೆ, ಹೊಳೆಯವರೆಗೆ ನಡೆಯುತ್ತೇನೆ, ಮನೆಗಳ ಮುಂದೆ ಏನೇನಿದೆ ಎಂದು ನೋಡುತ್ತೇನೆ. ಒಂದರ ಮುಂದೆ ಬೇವಿನ ಮರ, ಒಂದರ ಮುಂದೆ ಕಲ್ಲಿನ ಕಟ್ಟೆ, ಒಂದರ ಮುಂದೆ ಮುಚ್ಚಿದ ಬಾವಿ. ಯಾವುದೂ ನನ್ನನ್ನು ಕರೆಯುವುದಿಲ್ಲ.

ಸರೋಜಳಿಗೆ ಕಾಗದ ಬರೆದಿದ್ದೇನೆ. ಬೇರೆಯವರಿಂದ ಬರೆಸಿದರೆ ಬರೆದವರು ಓದಿದಂತೆಯೇ. ನಾನೇ ಬರೆದೆ, ನಾಲ್ಕು ದಿನ ಹಿಡಿಯಿತು. ಆ ಮನೆ ಮುಂದೆ ಏನಿತ್ತು ಎಂದು ಒಂದೇ ಪ್ರಶ್ನೆ. ನನಗೆ ಮರೆತದ್ದು ನಿಜ ಎಂದು ಅವಳು ನಂಬಬೇಕಲ್ಲ, ಅದಕ್ಕೆ ಆಣೆ ಮಾಡಿದ್ದೇನೆ. ನಮ್ಮ ಮನೆಯವರ ಹೆಸರಿನ ಮೇಲೆ. ಅಧಿಕಾರಿ ಕಾಗದ, ಪೆನ್ನು ತಳ್ಳಿದಾಗ ಬರೆಯದ ಹೆಸರನ್ನು ಅಲ್ಲಿ ಪೂರ್ತಿಯಾಗಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಇಲ್ಲಿ ಬರೆಯುವುದಿಲ್ಲ.

ಲಕೋಟೆಗೆ ಎರಡು ಸಲ ಗೋಂದು ಹಚ್ಚಿ ಡಬ್ಬಿಗೆ ಹಾಕಿದೆ. ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ ಆ ವಯಸ್ಸಿನ ಹುಡುಗನ ಸಂಬಂಧ ಕೇಳಿಕೊಂಡು ನಮ್ಮ ಮನೆಗೆ ಬರಬೇಡಿ. ಬಂದರೆ ಚಹಾ ಕೊಡುತ್ತೇನೆ, ಬ್ಯಾಡ ಅನ್ನುತ್ತೇನೆ.